ಒಂದು ‘ಬೇಡ’ ಸಾಕು

ನಿಯಮಗಳನ್ನು ಬರೆದವನು ನಾನು. ನಡುವೆ ಕಾರ್ಬನ್ ಹಾಳೆ ಇಟ್ಟು, ಚೆಂದದ ಅಕ್ಷರದಲ್ಲಿ, ನಾಲ್ಕು ಪ್ರತಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಇತರರ ಬಗ್ಗೆ ಹೇಸಿಕೆಯಿಂದ ಬರೆಯುವಾಗ ನನ್ನ ಕೈ ಮಾತ್ರ ಶುದ್ಧವಾಗಿತ್ತೆಂದು ಯಾರಿಗೂ ಅನಿಸಬಾರದು.

ಎಂಬತ್ತರ ದಶಕದ ನಡುವಿನ ವರ್ಷಗಳು. ಮಂಗಳೂರಿನಲ್ಲಿ ಬಿ.ಎ. ಮುಗಿಸಿದ್ದ ನಾನು ಸೌದಿಯ ಜಿದ್ದಾದಲ್ಲಿ ಹಡಗು ಏಜೆಂಟರೊಬ್ಬರ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ನಮ್ಮ ಕರಾವಳಿಯ ಒಂದೇ ಊರು, ಅದರ ಆಚೀಚಿನ ಹಳ್ಳಿಗಳಿಂದ ಬಂದ ಇಪ್ಪತ್ತೆರಡು ಮಂದಿ ಸೇರಿ ಶರಫಿಯಾ ಬಡಾವಣೆಯ ಹಳೆಯ ಕಟ್ಟಡವೊಂದರ ಎರಡನೇ ಮಹಡಿಯನ್ನು ಬಾಡಿಗೆಗೆ ಹಿಡಿದಿದ್ದೆವು. ಕೆಲವರು ಅಲ್ಲೇ ವಾಸ. ಉಳಿದವರು ಶುಕ್ರವಾರ ಜುಮಾ ನಮಾಜು ಮುಗಿಸಿ ಊಟಕ್ಕೆ ಬಂದು ಸಂಜೆಯ ಅಸರ್ ನಮಾಜಿನ ತನಕ ಇದ್ದು ಹೋಗುತ್ತಿದ್ದರು. ಬಾಗಿಲಿಗೆ ಬೋರ್ಡು ಇರಲಿಲ್ಲ, ಹೆಸರೂ ಇರಲಿಲ್ಲ. ಆ ದೇಶದಲ್ಲಿ ಸಂಘ ಕಟ್ಟಿದ್ದೇವೆ ಎಂದು ಹೇಳಿಕೊಳ್ಳುವಂತಿರಲಿಲ್ಲ. ಯಾರಾದರೂ ಕೇಳಿದರೆ ‘ಊಟಕ್ಕೆ ಸೇರುತ್ತೇವೆ’ ಎನ್ನಬೇಕು. ನಮ್ಮೊಳಗೆ ಅದನ್ನು ಕೂಟ ಎನ್ನುತ್ತಿದ್ದೆವು. ಕೆಲವರ ಮನೆಮಾತು ಬ್ಯಾರಿ, ಕೆಲವರದ್ದು ಉರ್ದು, ಇಬ್ಬರದ್ದು ನವಾಯತಿ. ಹಾಗಾಗಿ ಎಲ್ಲರೂ ಕೂಡಿದಾಗ ಮಾತು ಕನ್ನಡದಲ್ಲೇ ನಡೆಯುತ್ತಿತ್ತು.

ಕೂಟ ಎಂದರೆ ಬರೀ ಊಟವಲ್ಲ. ವೀಸಾ ಕೊಟ್ಟ ಧಣಿ, ಅಂದರೆ ಕಫೀಲ್, ಕೆಲಸದಿಂದ ತೆಗೆದರೆ ಮಲಗಲು ಜಾಗ ಇತ್ತು. ಕಾಯಿಲೆ ಬಿದ್ದರೆ ಆಸ್ಪತ್ರೆಗೆ ಜೊತೆ ಬರುವವರಿದ್ದರು. ಊರಿಗೆ ಹೋಗುವವರ ಕೈಯಲ್ಲಿ ಕಾಗದ, ಸೀರೆ, ಔಷಧಿ ಕಳಿಸಬಹುದಿತ್ತು. ಸತ್ತರೆ ಕಾಗದಪತ್ರಕ್ಕೆ ಓಡಾಡುವವರು ಇದ್ದರು. ಆ ಕಟ್ಟಡದ ಮೆಟ್ಟಿಲು ಹತ್ತುವ ಹಕ್ಕು ಇರುವುದಕ್ಕೂ ಇಲ್ಲದಿರುವುದಕ್ಕೂ ಎಷ್ಟು ವ್ಯತ್ಯಾಸವೆಂದು ಅಲ್ಲಿ ಒಂಟಿಯಾಗಿ ಒಂದು ವಾರ ಜ್ವರದಲ್ಲಿ ಮಲಗಿದವನಿಗೆ ಗೊತ್ತು.

ಅದನ್ನು ಕಟ್ಟಿದವರು ಬಲದ್ ಪೇಟೆಯಲ್ಲಿ ಬಟ್ಟೆ ಅಂಗಡಿ ನಡೆಸುತ್ತಿದ್ದ ಒಬ್ಬ ಹಿರಿಯರು. ಹಡಗಿನಲ್ಲಿ ಬಂದ ಕಾಲದವರು. ಎಲ್ಲರೂ ಅವರನ್ನು ಹಾಜಿಯವರು ಎಂದೇ ಕರೆಯುತ್ತಿದ್ದರು. ಹೊಸಬರನ್ನು ಸೇರಿಸುವ ಕ್ರಮವೂ ಅವರದ್ದೇ. ಬಂದವನು ಆರು ತಿಂಗಳು ಉಮೇದುವಾರ. ಶುಕ್ರವಾರ ಬೇಗ ಬರಬೇಕು, ಈರುಳ್ಳಿ ಹೆಚ್ಚಬೇಕು, ಡೇಗ್ಚಿ ತೊಳೆಯಬೇಕು, ಊಟ ಬಡಿಸಬೇಕು, ಎಲ್ಲರದ್ದೂ ಆದ ಮೇಲೆ ಅಡುಗೆಮನೆಯಲ್ಲಿ ಕೂತು ಉಣ್ಣಬೇಕು. ಆರು ತಿಂಗಳಾದ ಮೇಲೆ ಒಂದು ದಿನ ಹಾಜಿಯವರು, “ಸಾಕು ಮಾರಾಯ, ಇನ್ನು ಇಲ್ಲಿ ಕೂತ್ಕೋ” ಎಂದು ತಮ್ಮ ಚಾಪೆಯ ಬದಿಯಲ್ಲಿ ಜಾಗ ತೋರಿಸುತ್ತಿದ್ದರು. ಅಷ್ಟೇ. ಅಂದಿನಿಂದ ಅವನು ಕೂಟದವನು. ನಾನೂ ಹಾಗೆಯೇ ಒಳಗೆ ಬಂದವನು. ಡೇಗ್ಚಿಯ ತಳಕ್ಕೆ ಹಿಡಿದ ಅನ್ನವನ್ನು ಉಗುರಿನಿಂದ ಕೆರೆದು ಕೆರೆದು ನನ್ನ ಬೆರಳ ತುದಿಗಳು ಬಿರಿದಿದ್ದವು.

ನನ್ನ ಅಕ್ಷರ ಚೆನ್ನಾಗಿತ್ತು. ಓದು ಬರಹ ಸರಾಗವಾಗಿ ಬಾರದವರ ಕಾಗದಗಳನ್ನು ನಾನೇ ಬರೆದುಕೊಡುತ್ತಿದ್ದೆ, ಊರಿಂದ ಬಂದದ್ದನ್ನು ಓದಿ ಹೇಳುತ್ತಿದ್ದೆ. ಬರೆಯಬಲ್ಲವರೂ ತಮ್ಮ ಕಾಗದ ತಿದ್ದಿಸಲು ನನ್ನ ಹತ್ತಿರ ತರುತ್ತಿದ್ದರು. ಎಲ್ಲರಿಗೂ ನಾನು ‘ರೈಟ್ರು’.

ಆ ವರ್ಷ ಮೂವರು ಉಮೇದುವಾರರಿದ್ದರು. ಒಬ್ಬ ಲಾರಿ ಡ್ರೈವರ್, ಒಬ್ಬ ಟೈಲರ್. ಮೂರನೆಯವನು ರಸ್ತೆ ಗುಡಿಸುವ ಕಂಪನಿಯಲ್ಲಿ ಕೆಲಸಕ್ಕಿದ್ದವನು. ಬೆಳಗಿನ ಪಾಳಿ ಮುಗಿಸಿ, ಮಸೀದಿಯ ನೀರಿನಲ್ಲಿ ಮೈ ತೊಳೆದು, ಹಳದಿ ಸಮವಸ್ತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬರುತ್ತಿದ್ದ. ಚೀಲವನ್ನು ಕೂಟದ ಒಳಗೆ ತರುತ್ತಿರಲಿಲ್ಲ. ಮೆಟ್ಟಿಲ ಕೆಳಗೆ ಬಚ್ಚಿಡುತ್ತಿದ್ದ. ಅಷ್ಟಾದರೂ ಅವನು ಬಡಿಸಲು ಬಗ್ಗಿದಾಗ ನಮ್ಮಲ್ಲೊಬ್ಬ ಮೂಗು ಮುರಿದು, “ಕಿಟಕಿ ತೆಗೀರಿ ಮಾರಾಯ್ರೆ, ಎಂತದೋ ವಾಸನೆ” ಎನ್ನುತ್ತಿದ್ದ. ಹೀಗೆ ಹೇಳುತ್ತಿದ್ದವನು ಒಂದು ವಿದ್ಯುತ್ ಕಂಪನಿಯ ಫೋರ್‌ಮನ್. ದೊಡ್ಡ ಸ್ವರ, ದೊಡ್ಡ ಕೈಗಡಿಯಾರ. ತಟ್ಟೆಯ ಮಧ್ಯಕ್ಕೆ ಕೈಹಾಕಿ ಮಾಂಸದ ಒಳ್ಳೆಯ ತುಂಡನ್ನೇ ಎಳೆದುಕೊಂಡು, ಎಲುಬನ್ನು ಸದ್ದು ಮಾಡಿ ಚೀಪಿ, ಇತರರ ಪಾಲಿನ ಅನ್ನದ ಬದಿಗೇ ಇಡುತ್ತಿದ್ದ. ಅವನ ಜೊತೆ ಒಂದೇ ತಟ್ಟೆಯಲ್ಲಿ ಉಣ್ಣುವುದು ನನಗೆ ಕಷ್ಟವಾಗುತ್ತಿತ್ತು. ವಾಸನೆಯ ಮಾತು ಬಂದಾಗ ನಾನು ಏನೂ ಹೇಳುತ್ತಿರಲಿಲ್ಲ.

ವಾಸನೆ ಕಸದ್ದಲ್ಲ, ಮನೆತನದ್ದು. ಅದು ಎಲ್ಲರಿಗೂ ಗೊತ್ತಿತ್ತು. ಅವನ ತಂದೆ ಊರಿನಲ್ಲಿ ಕ್ಷೌರ ಮಾಡುವವರು, ಮಕ್ಕಳ ಸುನ್ನತ್ ಮಾಡುವವರು. ನಮ್ಮಲ್ಲಿ ಮೇಲು ಕೀಳು ಇಲ್ಲ, ಹೆಗಲಿಗೆ ಹೆಗಲು ತಾಗಿಸಿ ಒಂದೇ ಸಾಲಿನಲ್ಲಿ ನಿಲ್ಲುತ್ತೇವೆ ಎಂದು ಹೇಳಿಕೊಂಡೇ ಬೆಳೆದವರು ನಾವು. ಆದರೆ ಮದುವೆಗಳಲ್ಲಿ ಆ ಮನೆಯವರಿಗೆ ಕೊನೆಯ ಪಂಕ್ತಿ. ಆ ಮನೆಯ ಹೆಣ್ಣನ್ನು ತರುವುದಿಲ್ಲ, ಆ ಮನೆಗೆ ಹೆಣ್ಣು ಕೊಡುವುದಿಲ್ಲ. ಕೂಟದ ಅರ್ಧ ಜನರ ಸುನ್ನತ್ ಮಾಡಿದ್ದು ಅದೇ ಮುದುಕರ ಕೈ. ಆ ಕೈಯ ಮಗ ಬಡಿಸಿದ ಅನ್ನಕ್ಕೆ ಕಿಟಕಿ ತೆಗೆಯಬೇಕಿತ್ತು.

ಮೂವರ ಆರು ತಿಂಗಳು ಮುಗಿಯುತ್ತ ಬಂದಾಗ ಒಂದು ಶುಕ್ರವಾರ ಊಟದ ನಂತರ ಫೋರ್‌ಮನ್ ವಿಷಯ ಎತ್ತಿದ.

“ನಾವು ಮೊದ್ಲು ಎಂಟು ಜನ ಇದ್ದೆವು. ಈಗ ಇಪ್ಪತ್ತೆರಡು. ಇನ್ನೂ ಮೂವರು ಬರ್ತಾರಂತೆ. ಯಾರು ಎಂತ ಅಂತ ಯಾರಿಗೆ ಗೊತ್ತುಂಟು? ಎಲ್ಲದಕ್ಕೂ ಒಂದು ಕ್ರಮ ಬೇಡ್ವಾ? ಹೊಸಬರನ್ನು ಸೇರಿಸ್ಲಿಕ್ಕೆ ಓಟು ಹಾಕುವ.”

“ಊರು ಗೊತ್ತುಂಟಲ್ಲ, ಹಸಿವೆ ಗೊತ್ತುಂಟಲ್ಲ. ಇನ್ನೆಂತ ಗೊತ್ತಾಗ್ಬೇಕು?” ಎಂದರು ಹಾಜಿಯವರು.

ಆಗ ನಾನು ಬಾಯಿ ಹಾಕಿದೆ. ಇಂದಿಗೂ ಆ ಮಾತುಗಳು ಒಂದೊಂದಾಗಿ ನೆನಪಿವೆ. ಹಾಜಿಯವರು ನ್ಯಾಯವಂತರು, ಆದರೆ ನಾಳೆ ಅವರು ಊರಿಗೆ ಹೋದರೆ ಗತಿಯೇನು, ಒಬ್ಬರ ಮನಸ್ಸಿನ ಮೇಲೆ ಕೂಟ ನಿಲ್ಲಬಾರದು, ಹೋದ ವರ್ಷ ಒಬ್ಬ ಅಡುಗೆಮನೆಯಲ್ಲಿ ಸಿನಿಮಾ ಹಾಡು ಹಾಡಿದನೆಂದು ಹಾಜಿಯವರು ಅವನನ್ನು ಇನ್ನೂ ಆರು ತಿಂಗಳು ಕಾಯಿಸಿದ್ದು ಸರಿಯೇ, ಎಲ್ಲರಿಗೂ ಸಮಾನವಾದ ಒಂದು ಮಾತು ಇದ್ದರೆ ಯಾರಿಗೂ ಅನ್ಯಾಯವಾಗುವುದಿಲ್ಲ ಎಂದೆಲ್ಲ ಹೇಳಿದೆ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಮಾತಾಡಿದ ಹಾಗೆ ಮಾತಾಡಿದೆ. ನಾನು ಹೇಳಿದ್ದು ಸುಳ್ಳಲ್ಲ. ಹಾಡಿದವನನ್ನು ಕಾಯಿಸಿದ್ದು ನಿಜವಾಗಿ ಅನ್ಯಾಯವೇ. ಆದರೆ ಆ ಸತ್ಯವನ್ನು ಆ ದಿನ ಯಾರ ಕೈಗೆ ಕೊಡುತ್ತಿದ್ದೇನೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಎಲ್ಲರೂ ತಲೆಯಾಡಿಸಿ ಕೇಳುತ್ತಿದ್ದ ಸುಖಕ್ಕೆ ಮಾತು ಮುಂದುವರಿಸಿದೆ.

ಹಾಜಿಯವರು ನನ್ನನ್ನೇ ನೋಡುತ್ತಿದ್ದರು. “ರೈಟ್ರೇ, ನಿಮ್ಮನ್ನು ಒಳಗೆ ಕರೆಯುವಾಗ ನಾನು ಯಾರ ಹತ್ರವೂ ಕೇಳ್ಲಿಲ್ಲ. ಕೇಳಿದ್ರೆ ಎಂತ ಆಗ್ತಿತ್ತು ಗೊತ್ತುಂಟಾ?”

“ಎಂತ ಆಗ್ತಿತ್ತು ಹಾಜಿಯವರೇ?”

“ಅದನ್ನು ಹೇಳ್ಲಿಕ್ಕಿಲ್ಲ. ಹೇಳಿದ್ರೆ ಇವರ ಮುಖ ನೀವು ನೋಡ್ಲಿಕ್ಕಿಲ್ಲ.”

ಕೆಲವರು ನಕ್ಕರು. ಯಾರು ನಗಲಿಲ್ಲ ಎಂಬುದನ್ನು ನಾನು ನೋಡಿಕೊಂಡೆ.

ಓಟು ಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸಲು ಕೈ ಎತ್ತಿಸಿದರು. ಹದಿನೇಳು ಕೈಗಳು ಮೇಲೆದ್ದವು. ಸರಿಯಾಗಿ ಅದೇ ಹೊತ್ತಿಗೆ ಆ ಮೂರನೆಯವನು ಸುಲೈಮಾನಿ ಚಹಾದ ತಟ್ಟೆ ಹಿಡಿದು ಬಾಗಿಲಿಗೆ ಬಂದ. ಎತ್ತಿದ ಕೈಗಳನ್ನು ಕಂಡು ಒಳಗೆ ಬರುವುದೋ ಬೇಡವೋ ತಿಳಿಯದೆ ಹೊಸ್ತಿಲಲ್ಲೇ ನಿಂತ. “ಬಾ ಬಾ, ನಿಂದೇ ಮಾತು” ಎಂದು ಯಾರೋ ತಮಾಷೆ ಮಾಡಿದರು. ಅವನೂ ನಕ್ಕು ಗ್ಲಾಸು ಹಂಚಿದ.

ಮರುವಾರ ಫೋರ್‌ಮನ್ ನನ್ನ ಕೋಣೆಗೆ ಬಂದ. ನಿಯಮ ಬರೆಯುವ ಕೆಲಸ ನನ್ನದಾಗಿತ್ತು. ಹೆಚ್ಚು ಓಟು ಬಿದ್ದವರು ಒಳಗೆ ಎಂದು ನಾನು ಕರಡು ಮಾಡಿದ್ದೆ.

“ಹೆಚ್ಚು ಕಮ್ಮಿ ಎಂತದ್ದಕ್ಕೆ?” ಎಂದ ಅವನು. “ಇದು ಪಂಚಾಯತ್ ಇಲೆಕ್ಷನ್ ಅಲ್ಲ. ಒಟ್ಟಿಗೆ ಉಣ್ಣುದು, ಒಟ್ಟಿಗೆ ಮಲಗುದು. ಒಬ್ಬನಿಗೆ ಮನಸ್ಸಿಲ್ಲದಿದ್ರೆ ಕೂರುದು ಹೇಗೆ? ಒಂದು ‘ಬೇಡ’ ಸಾಕು, ಮುಗೀತು. ಚೀಟಿಯಲ್ಲಿ ಬರೀಲಿ, ಹೆಸರು ಬೇಡ.”

“ಒಬ್ಬನ ಮಾತಿಗೆ ಉಳಿದವರೆಲ್ಲ ಬಾಗುದು ಸರಿಯಾ?”

“ನೀವು ಓದಿದವರು. ಅದನ್ನು ಚೆಂದ ಮಾಡಿ ಬರೀರಿ.”

ನಾನು ಚೆಂದ ಮಾಡಿ ಬರೆದೆ. ‘ಹೊಸಬರ ಪ್ರವೇಶಕ್ಕೆ ಸದಸ್ಯರ ಸರ್ವಾನುಮತವಿರತಕ್ಕದ್ದು.’ ಸರ್ವಾನುಮತ ಎಂಬ ಶಬ್ದ ಸಿಕ್ಕಿದ್ದಕ್ಕೆ ಒಳಗೊಳಗೆ ಖುಷಿಯೂ ಆಯಿತು. ಈಗ ಆ ಶಬ್ದ ಎಲ್ಲಿ ಕಂಡರೂ ಬಾಯಲ್ಲಿ ಹಳಸಿದ ಅನ್ನ ಇಟ್ಟ ಹಾಗಾಗುತ್ತದೆ.

ಚೀಟಿ ಹಾಕುವ ಶುಕ್ರವಾರ ಹೊರಗೆ ಕೆಂಡದಂಥ ಬಿಸಿಲು. ಒಳಗೆ ಕಿಟಕಿಯ ಎ.ಸಿ. ಗಡಗಡ ಎನ್ನುತ್ತಿತ್ತು. ಊಟಕ್ಕೆ ಮುಂಚೆಯೇ ಚೀಟಿ ಮುಗಿಸಿಬಿಡುವ, ಹೊಸಬರು ಇವತ್ತೇ ಒಟ್ಟಿಗೆ ಕೂರಲಿ ಎಂದಾಗಿತ್ತು. ಅಡುಗೆಮನೆಯಲ್ಲಿ ಮೂವರೂ ನೈಚೋರು ಬಸಿಯುತ್ತಿದ್ದರು. ತುಪ್ಪದ ಘಮ ಕೋಣೆಗೆಲ್ಲ ಹಬ್ಬಿತ್ತು. ಒಬ್ಬೊಬ್ಬ ಉಮೇದುವಾರನಿಗೆ ಒಂದೊಂದು ಡಬ್ಬಿ ಇಟ್ಟು, ನಾನು ಕಚೇರಿಯ ಹಾಳೆ ಕತ್ತರಿಸಿ ಮಾಡಿದ ಚೀಟಿಗಳನ್ನು ತಲಾ ಮೂರರಂತೆ ಹಂಚಿದೆ. ಹಾಜಿಯವರು ತಗೊಳ್ಳಲಿಲ್ಲ. ಫೋರ್‌ಮನ್ ಒಂದು ಚೀಟಿಯ ಮೂಲೆಯನ್ನು ಮಡಚಿ ಹಲ್ಲಿನ ಸಂದು ಚುಚ್ಚಿಕೊಂಡ. ಆಮೇಲೆ ಅದೇ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿದ. ನಾನು ಮೂವರಿಗೂ ‘ಬೇಕು’ ಎಂದು ಬರೆದೆ, ನಾಲ್ಕಾಗಿ ಮಡಚಿದೆ.

ಡ್ರೈವರಿಗೆ ಇಪ್ಪತ್ತೊಂದೂ ‘ಬೇಕು’. ಟೈಲರಿಗೂ ಇಪ್ಪತ್ತೊಂದೂ ‘ಬೇಕು’. ಮೂರನೇ ಡಬ್ಬಿ ಬಿಚ್ಚಿದೆ.

ಹೆಸರು ಬರೆಯಬೇಡಿ ಎಂದದ್ದು ಎಂಥ ಮೋಸ! ಅವರ ಕಾಗದಗಳನ್ನು ತಿದ್ದುತ್ತಿದ್ದ ನನಗೆ ಪ್ರತಿಯೊಬ್ಬನ ಅಕ್ಷರವೂ ಅವನ ಮುಖದಷ್ಟೇ ಪರಿಚಿತ. ಒಂದೊಂದು ಚೀಟಿ ಬಿಚ್ಚಿದಾಗಲೂ ಒಬ್ಬೊಬ್ಬ ಬಂದು ನನ್ನ ಎದುರು ನಿಂತ ಹಾಗಾಗುತ್ತಿತ್ತು. ಒಂಬತ್ತು ‘ಬೇಡ’. ಒಂದರಲ್ಲಿ ಪೊರಕೆಯ ಚಿತ್ರ. ಅದು ನಮಾಜಿನ ಸಾಲಿನಲ್ಲಿ ಯಾವಾಗಲೂ ಮುಂದೆ ನಿಲ್ಲುವವನದ್ದು. ಒಂದರಲ್ಲಿ ಅವನ ತಂದೆಯ ಕತ್ತಿಯ ಬಗ್ಗೆ ಒಂದು ಹೊಲಸು ಮಾತು. ಅದನ್ನು ಇಲ್ಲಿ ಬರೆಯಲಾರೆ. ಇನ್ನೊಂದರಲ್ಲಿ ಸಣ್ಣ ಅಕ್ಷರದಲ್ಲಿ ಹೀಗಿತ್ತು: ‘ಬೇಡ. ಮುಂದೆ ನೆಂಟಸ್ತನ ಕೇಳಿಯಾರು.’

ಅದು ಬಂದರಿನಲ್ಲಿ ಸ್ಟೋರ್‌ಕೀಪರ್ ಆಗಿದ್ದವರ ಅಕ್ಷರ. ಎರಡು ತಿಂಗಳ ಹಿಂದೆ ಅವರಿಗೆ ಕಾಮಾಲೆ ಆಗಿತ್ತು. ಹದಿನೈದು ದಿನ ಆ ಕೋಣೆಗೆ ಹೋಗಲು ನಾವೆಲ್ಲ ಹಿಂದೆಮುಂದೆ ನೋಡುತ್ತಿದ್ದಾಗ, ಪಾಳಿ ಮುಗಿಸಿ ದಿನವೂ ಹೋಗಿ ಗಂಜಿ ಕುಡಿಸಿ, ವಾಂತಿಯಾದ ಬಟ್ಟೆ ಒಗೆದು ಹಾಕಿದವನು ಇವನೇ. ಗುಣವಾದ ಮೇಲೆ ಅವರು, “ಹೊಟ್ಟೆಯಲ್ಲಿ ಹುಟ್ಟಿದ ಮಗ ಕೂಡ ಹೀಗೆ ಮಾಡ್ಲಿಕ್ಕಿಲ್ಲ” ಎಂದು ಎಲ್ಲರೆದುರು ಕಣ್ಣೀರು ಹಾಕಿದ್ದರು. ನಾನು ತಲೆಯೆತ್ತಿ ಅವರನ್ನು ನೋಡಿದೆ. ಅವರು ಚಾಪೆಯ ನೂಲನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದರು.

ಓದಲೇ, ಬೇಡವೇ? “ಎಷ್ಟು?” ಎಂದ ಫೋರ್‌ಮನ್. “ಆಗ್ಲಿಲ್ಲ” ಎಂದೆ. “ಆಗ್ಲಿಲ್ಲ ಅಂದ್ರೆ?” “ಸರ್ವಾನುಮತ ಆಗ್ಲಿಲ್ಲ.” ಯಾರಿಗೂ ಆಶ್ಚರ್ಯವಾದ ಹಾಗೆ ಕಾಣಲಿಲ್ಲ. ಎಲ್ಲರೂ ಬಹಳ ಗಂಭೀರವಾಗಿದ್ದರು. ಆ ಗಾಂಭೀರ್ಯವೇ ನನಗೆ ಎಲ್ಲಕ್ಕಿಂತ ಅಸಹ್ಯವಾಗಿ ಕಂಡಿತು.

ಅಡುಗೆಮನೆಗೆ ಹೋಗಿ ಹೇಳುವ ಕೆಲಸ ರೈಟ್ರದ್ದು. ಡ್ರೈವರ್, ಟೈಲರ್ ಇಬ್ಬರಿಗೂ ಒಳಗೆ ಹೋಗಿ ಕೂರಿ ಎಂದೆ. ಅವರು ಮೂರನೆಯವನ ಮುಖ ನೋಡಿದರು. ಆಮೇಲೆ ಕೈ ಒರೆಸಿಕೊಂಡು ಹೋದರು. ಅವನು ಬಸಿದ ಅನ್ನವನ್ನು ತಟ್ಟೆಗಳಿಗೆ ಹಾಕುತ್ತಿದ್ದ.

“ನಂದು?” ಎಂದ.

“ಇಲ್ಲ. ನಿಯಮ ಹಾಗುಂಟು. ಎಲ್ಲರೂ ಬೇಕು ಅನ್ಬೇಕು.”

“ಎಷ್ಟು ಜನ ಬೇಡ ಅಂದ್ರು?”

“ಅದನ್ನು ಹೇಳ್ಲಿಕ್ಕಿಲ್ಲ.”

“ಚೀಟಿಯಲ್ಲಿ ಎಂತಾದ್ರೂ ಬರ್ದಿದ್ರಾ?”

“ಎಂತದ್ದೂ ಇಲ್ಲ” ಎಂದು ಸುಳ್ಳು ಹೇಳಿದೆ. ನನ್ನದು ‘ಬೇಕು’ ಎಂದು ಹೇಳಲು ನಾಲಿಗೆಯ ತುದಿಗೆ ಬಂತು. ಗೋಡೆಯ ಆಚೆ ಕೇಳೀತೆಂದು ನುಂಗಿಕೊಂಡೆ.

ಅವನು ಉಳಿದ ತಟ್ಟೆಗಳನ್ನೂ ತುಂಬಿಸಿದ. ಸೌಟನ್ನು ತೊಳೆದು ಗೋಡೆಯ ಮೊಳೆಗೆ ತೂಗುಹಾಕಿದ. ಕೈ ತೊಳೆದ. ಅಂಗಿಯ ತೋಳು ಇಳಿಸಿ ಗುಂಡಿ ಹಾಕಿದ. ಕೋಣೆಯ ಬದಿಯಿಂದಲೇ ಬಾಗಿಲಿಗೆ ಹೋಗಬೇಕಿತ್ತು. ಅವನು ಹೋಗುವಾಗ ಇಪ್ಪತ್ತು ಜನ ನೆಲ ನೋಡುತ್ತಿದ್ದರು. ಹಾಜಿಯವರು ಮಾತ್ರ ಗೋಡೆ ಹಿಡಿದು ಎದ್ದರು.

“ಹಾಜಿಯವರೇ, ಊಟ...” ಎಂದ ಫೋರ್‌ಮನ್.

“ನೀವೆಲ್ಲ ಓಟು ಹಾಕಿದ್ರಲ್ಲ. ನನಗೆ ಓಟು ಬೇಡ, ಕಾಲುಂಟು” ಎಂದರು ಹಾಜಿಯವರು. ಬಾಗಿಲಲ್ಲಿ ಅವನ ಹೆಗಲಿಗೆ ಕೈಯಿಟ್ಟು, “ಬಾ ಮಗಾ, ಹೋಗುವ. ಅಂಗಡಿಯಲ್ಲಿ ಖುಬ್ಬೂಸ್ ರೊಟ್ಟಿ ಉಂಟು” ಎಂದರು. ಇಬ್ಬರ ಚಪ್ಪಲಿಯ ಸದ್ದು ಮೆಟ್ಟಿಲಲ್ಲಿ ಕೆಳಗೆ ಕೆಳಗೆ ಹೋಗಿ ನಿಂತಿತು.

ನಾನು ಅವರ ಹಿಂದೆ ಹೋಗಬಹುದಿತ್ತು. ಹೋಗಲಿಲ್ಲ. ಹೋದರೆ ಕೂಟ ಬಿಟ್ಟಂತೆ. ಬಿಟ್ಟರೆ ನಾಳೆ ನನಗೆ ಜ್ವರ ಬಂದರೆ ಯಾರು? ಹೀಗೆ ಲೆಕ್ಕ ಹಾಕಿದೆ. ಅವನು ಬಡಿಸಿಟ್ಟ ಅನ್ನ ಉಂಡೆ. “ಇವತ್ತು ನೈಚೋರು ಹದವಾಗಿ ಆಗಿದೆ” ಎಂದು ಯಾರೋ ಹೇಳಿದರು. ಇನ್ನೊಬ್ಬರು ಇನ್ನಷ್ಟು ಹಾಕಿಸಿಕೊಂಡರು. ಎಣ್ಣೆ ಹಿಡಿದ ಬೆರಳುಗಳು, ಮೀಸೆಗೆ ಅಂಟಿದ ಅನ್ನ, ತೇಗು. ಡೇಗ್ಚಿ ತೊಳೆಯಲು ಆ ದಿನ ಯಾರೂ ಇರಲಿಲ್ಲ. ಹೊಸದಾಗಿ ಕೂತ ಟೈಲರ್ ಕೊನೆಗೆ ತಾನೇ ಎದ್ದು ಹೋದ.

ಇದಾದ ಮೇಲೂ ನಾನು ಆ ಕೂಟದಲ್ಲಿ ಒಂದು ವರ್ಷದ ಮೇಲೆ ಇದ್ದೆ. ಒಮ್ಮೆ ನಿಯಮ ತೆಗೆದುಹಾಕುವ ಎಂದು ಹೇಳಿ ನೋಡಿದೆ. “ಓಟಿಗೆ ಹಾಕುವ” ಎಂದರು. ನನಗೆ ಬಿದ್ದದ್ದು ನಾಲ್ಕು. ಆಮೇಲೆ ಕೂಟಕ್ಕೆ ಬಾರದ ಹಾಜಿಯವರ ಅಂಗಡಿಗೂ ಒಮ್ಮೆ ಹೋದೆ. ಕ್ಷಮೆ ಕೇಳಬೇಕೆಂದು ಹೋದವನು ಮಾತು ಸಿಗದೆ ಅಂಗಿಯ ಬಟ್ಟೆ ತೋರಿಸಿ ಎಂದೆ. “ಎಷ್ಟು ಮೀಟರ್?” ಎಂದರು. ಅಳೆದು, ಕತ್ತರಿಸಿ, ಕಾಗದದಲ್ಲಿ ಸುತ್ತಿ ಕೊಟ್ಟರು. ಗುಡಿಸುವವನು ಕಂಪನಿ ಬದಲಿಸಿ ಬೇರೆ ಊರಿಗೆ ಹೋದನೆಂದು ಅಂಗಡಿಯಲ್ಲಿದ್ದ ಬೇರೆಯವರಿಂದ ತಿಳಿಯಿತು.

ಮರುವರ್ಷ ಫೋರ್‌ಮನ್ನನ ಹೆಂಡತಿಯ ತಮ್ಮ ಜಿದ್ದಾಕ್ಕೆ ಬಂದ. ಎ.ಸಿ. ಮೆಕ್ಯಾನಿಕ್. ಮೂವತ್ತರ ಆಚೀಚೆ ವಯಸ್ಸು. ಭಾವನಿಗೂ ಅವನಿಗೂ ಯಾವ ಹೋಲಿಕೆಯೂ ಇರಲಿಲ್ಲ. ಮೆತ್ತಗೆ ಮಾತಾಡುವವನು, ಯಾರೂ ಹೇಳದೆಯೇ ಕಕ್ಕಸು ಕೂಡ ತೊಳೆಯುವವನು. ಅವನ ಆರು ತಿಂಗಳೂ ಮುಗಿಯಿತು. ಚೀಟಿ ಹಂಚಿದೆ. ಫೋರ್‌ಮನ್ ಅಂದು ತನ್ನ ಖರ್ಚಿನಲ್ಲಿ ಇಡೀ ಆಡು ತಂದು ಬೇಯಿಸಲು ಇಟ್ಟಿದ್ದ. ಗೆದ್ದೇಬಿಟ್ಟವನ ಹಾಗೆ ಕೂತು ಕಾಲಾಡಿಸುತ್ತಿದ್ದ.

ನಾನು ನನ್ನ ಚೀಟಿ ತೆಗೆದುಕೊಂಡು ಬಚ್ಚಲಿಗೆ ಹೋದೆ. ಬಾಗಿಲು ಹಾಕಿ, ಗೋಡೆಗೆ ಒತ್ತಿಟ್ಟು, ಎಡಗೈಯಲ್ಲಿ ‘ಬೇಡ’ ಎಂದು ಬರೆದೆ.

ಬರೆಯುವಾಗ ಅದು ನ್ಯಾಯವೆಂದೇ ಅನಿಸಿತ್ತು. ಆ ಫೋರ್‌ಮನ್ನನಿಗೆ ಅವನದ್ದೇ ಕಷಾಯ ಕುಡಿಸುತ್ತೇನೆ ಎಂದುಕೊಂಡೆ. ಚೀಟಿ ಎಣಿಸಿ “ಒಂದು ಬೇಡ” ಎಂದು ಓದಿದಾಗ ಅವನ ಮುಖ ಇಳಿದದ್ದನ್ನು ನೋಡಿ ಹತ್ತು ಕ್ಷಣ ಸಂತೋಷಪಟ್ಟೆ. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಆ ಮೆಕ್ಯಾನಿಕ್ ನಿಂತಿದ್ದ. ಅವನಿಗೆ ಕೇಳಿಸಿತ್ತು. ಅವನ ಕೈಯಲ್ಲಿ ಸೌಟು ಇತ್ತು. ಅವನು ನನಗೆ ಏನು ಮಾಡಿದ್ದ? ಹಿಂದಿನ ವಾರವಷ್ಟೇ ನನ್ನ ಕೋಣೆಯ ಎ.ಸಿ. ಬಿಚ್ಚಿ ಸರಿಮಾಡಿ, ಒಂದು ಚಹಾವನ್ನೂ ಕುಡಿಯದೆ ಹೋಗಿದ್ದ.

“ಯಾರು? ಯಾರು ಬರ್ದದ್ದು?” ಫೋರ್‌ಮನ್ ಎದ್ದು ನಿಂತ. “ರೈಟ್ರೇ, ನಿಮ್ಗೆ ಎಲ್ರ ಅಕ್ಷರ ಗೊತ್ತುಂಟು. ಹೇಳಿ!”

ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದ ನಾಟಕ ಮಾಡಿದೆ. “ಗುರುತು ಸಿಗುದಿಲ್ಲ” ಎಂದು ಅದನ್ನು ಜೇಬಿಗೆ ಹಾಕಿಕೊಂಡೆ.

ಅವನ ಕಣ್ಣು ಕೋಣೆಯಲ್ಲಿ ಸುತ್ತಿ ಟೈಲರನ ಮೇಲೆ ನಿಂತಿತು. ಪ್ಯಾಂಟು ಹೊಲಿದುಕೊಡುವ ವಿಷಯದಲ್ಲಿ ಇಬ್ಬರಿಗೂ ಸಣ್ಣ ಜಗಳವಾಗಿತ್ತು. “ನೀನೇ” ಎಂದ. ಟೈಲರ್ ಇಲ್ಲ ಎಂದ. ಆಣೆ ಮಾಡಿದ. ತನ್ನ ಮೂವರು ಮಕ್ಕಳ ತಲೆ ಮೇಲೆ ಮಾಡಿದ. ಫೋರ್‌ಮನ್ ಅವನ ಕಾಲರ್ ಹಿಡಿದು ಗೋಡೆಗೆ ಒತ್ತಿದ. “ಅಷ್ಟು ಜನ ನಿನ್ನನ್ನು ಒಳಗೆ ಬಿಟ್ಟ ಮೇಲೆ ಈಗ ನೀನು ಬಾಗಿಲು ಹಾಕ್ಲಿಕ್ಕೆ ಬಂದದ್ದಾ?” ಎಂದು ಕೂಗಿದ. ಬಿಡಿಸಲು ಹೋದವರಲ್ಲಿ ನಾನೂ ಒಬ್ಬ. ನನ್ನ ಅಂಗಿಯ ಜೇಬಿನಲ್ಲಿ ಆ ಚೀಟಿ ಇತ್ತು. ನಾನು ಟೈಲರನ ಪರವಾಗಿ, “ಇರ್ಲಿ ಬಿಡಿ, ಯಾರಾದ್ರೇನು, ಗುಟ್ಟಿನ ಓಟಲ್ವಾ” ಎಂದೆ. ಟೈಲರ್ ನನ್ನನ್ನು ಕೃತಜ್ಞತೆಯಿಂದ ನೋಡಿದ. ಆ ನೋಟವನ್ನು ನೆನೆದರೆ ಈಗಲೂ ನನಗೆ ನನ್ನ ಚರ್ಮದೊಳಗೆ ಇರಲಾಗುವುದಿಲ್ಲ.

ಟೈಲರ್ ಮತ್ತೆ ಬರಲಿಲ್ಲ. ಮೆಕ್ಯಾನಿಕ್ ಕೂಡ. ಅವನನ್ನು ಭಾವನೇ ದಹ್ರಾನಿನ ಕಡೆ ಬೇರೆ ಕೆಲಸಕ್ಕೆ ಕಳಿಸಿದನಂತೆ. ಅಲ್ಲಿಂದ ಮೇಲೆ ಯಾವ ಉಮೇದುವಾರನಿಗೂ ಸರ್ವಾನುಮತ ಸಿಗಲಿಲ್ಲ. ಒಬ್ಬರ ಕಡೆಯವನಿಗೆ ಇನ್ನೊಬ್ಬರು ‘ಬೇಡ’, ಅದಕ್ಕೆ ಮತ್ತೊಬ್ಬರು ‘ಬೇಡ’. ಊಟಕ್ಕೆ ಕೂತವರು ಒಬ್ಬರನ್ನೊಬ್ಬರು ಕಡೆಗಣ್ಣಿನಲ್ಲಿ ಅಳೆಯುತ್ತಿದ್ದರು. ಒಂದೇ ತಟ್ಟೆ ಹೋಗಿ ಬೇರೆ ಬೇರೆ ತಟ್ಟೆಗಳು ಬಂದವು. ಇದ್ದವರು ಒಬ್ಬೊಬ್ಬರಾಗಿ ಕಳಚಿಕೊಂಡರು. ಮುಂದಿನ ರಂಜಾನ್ ಬರುವ ಮೊದಲೇ ಆ ಮಹಡಿಯನ್ನು ಬಿಟ್ಟುಕೊಟ್ಟೆವು. ಆ ಚೀಟಿ ಯಾರದ್ದೆಂದು ನಾನು ಯಾರಿಗೂ ಹೇಳಲಿಲ್ಲ. ಟೈಲರ್ ಆ ಮೇಲೆ ಎಲ್ಲಿಗೆ ಹೋದನೆಂದು ಹುಡುಕಲೂ ಇಲ್ಲ.

ದಶಕ ಮುಗಿಯುವ ಹೊತ್ತಿಗೆ ಕಚೇರಿಯ ಕೆಲಸದ ಮೇಲೆ ನಾನು ತಬೂಕಿಗೆ ಹೋಗಬೇಕಾಯಿತು. ಅಲ್ಲಿನ ದೊಡ್ಡ ಕೃಷಿ ಫಾರಂ ಒಂದಕ್ಕೆ ನಮ್ಮ ಹಡಗಿನಲ್ಲಿ ಬಂದ ನೀರು ಹಾಯಿಸುವ ಯಂತ್ರದ ಭಾಗಗಳು ಮುರಿದಿದ್ದವು. ಅವನ್ನು ನೋಡಿ ಬರೆದುಕೊಂಡು ಬರಬೇಕಿತ್ತು. ಫಾರಂನ ತರಕಾರಿ ತುಂಬುವ ಶೆಡ್ಡಿನಲ್ಲಿ, ತಲೆಗೆ ಕೆಂಪು ರುಮಾಲು ಸುತ್ತಿ, ಯೆಮನಿನವರಿಗೂ ಬಂಗಾಳದವರಿಗೂ ಅರಬ್ಬಿಯಲ್ಲಿ ಹುಕುಂ ಕೊಡುತ್ತಿದ್ದ ಮೇಲ್ವಿಚಾರಕ ತಿರುಗಿ ನೋಡಿದಾಗ ಅವನೇ.

“ರೈಟ್ರಲ್ವಾ?” ಎಂದ. ನಕ್ಕ. ಕೂರಿಸಿ ಚಹಾ ತರಿಸಿದ. ಕೂಟದಲ್ಲಿ ನಾವೆಲ್ಲ ಅವನಿಗೆ ‘ನೀನು’ ಎನ್ನುತ್ತಿದ್ದೆವು. ಈಗ ನನ್ನ ಬಾಯಿಂದ ತಾನಾಗಿ ‘ನೀವು’ ಬಂತು. ಅವನಿಗೆ ಅದು ಗೊತ್ತಾಯಿತು. ಊರಿನ ಸುದ್ದಿ ಆಯಿತು. ಅವನ ತಂದೆ ತೀರಿಕೊಂಡಿದ್ದರು. ತಂಗಿಗೆ ಕಾಸರಗೋಡಿನ ಕಡೆ ಮದುವೆ ಆಗಿತ್ತು.

ಚಹಾ ಮುಗಿಯುವವರೆಗೂ ತಡೆದುಕೊಂಡಿದ್ದೆ. ಕೊನೆಗೆ ತಡೆಯಲಾಗಲಿಲ್ಲ. “ಆ ದಿನದ್ದು ನಿಮಗೆ ಒಂದು ಹೇಳ್ಬೇಕು. ನಾನು ‘ಬೇಕು’ ಅಂತಲೇ ಬರ್ದದ್ದು.”

ಅವನು ಗ್ಲಾಸು ಕೆಳಗಿಟ್ಟ. ಸಿಟ್ಟಿರಲಿಲ್ಲ. ಸ್ವಲ್ಪ ಬೇಸರ ಬಂದವನ ಹಾಗಿದ್ದ.

“ರೈಟ್ರೇ, ಕೂಟದವರಲ್ಲಿ ಇಷ್ಟು ವರ್ಷದಲ್ಲಿ ನನಗೆ ಸಿಕ್ಕಿದವರು ಎಂಟು ಜನ. ಮದೀನಾದಲ್ಲಿ ಸಿಕ್ಕಿದ್ರು, ಊರಿಗೆ ಹೋಗುವಾಗ ವಿಮಾನದಲ್ಲಿ ಸಿಕ್ಕಿದ್ರು. ಒಬ್ಬೊಬ್ರೂ ಬದಿಗೆ ಕರ್ದು ಇದನ್ನೇ ಹೇಳಿದ್ರು. ನಾನು ‘ಬೇಕು’ ಬರ್ದದ್ದು, ಬೇರೆಯವರು ಹಾಗೆ ಮಾಡಿದ್ರು ಅಂತ.”

ಆ ಎಂಟು ಜನ ಯಾರೇ ಆಗಿರಲಿ, ಯಾರ ಚೀಟಿಯಲ್ಲಿ ಏನಿತ್ತೆಂದು ನನಗೆ ಗೊತ್ತಿತ್ತು. ನಾನು ಹೇಳಿದ್ದು ನಿಜ ಎಂದು ಬಾಯಿ ತೆರೆದೆ. ಅವರೂ ಹಾಗೆಯೇ ಹೇಳಿರುತ್ತಾರೆ ಎಂದು ಹೊಳೆದು ಮುಚ್ಚಿಕೊಂಡೆ.

“ನನಗೆ ನಿಮ್ಮ ಯಾರ ಮೇಲೂ ಹೇಸಿಗೆ ಇಲ್ಲ” ಎಂದ ಅವನು. “ಆರು ತಿಂಗಳು ಅಲ್ಲಿ ಕೂರ್ಲಿಕ್ಕೆ ಆಸೆಪಟ್ಟೆ ನೋಡಿ, ಅಪ್ಪನ ವಿಷಯ ಯಾರೂ ತೆಗೀಬಾರ್ದು ಅಂತ ದಿನಾ ದುವಾ ಮಾಡ್ತಿದ್ದೆ ನೋಡಿ, ಅದಕ್ಕೆ ನನ್ನ ಮೇಲೆ ಹೇಸಿಗೆ ಆಗಿತ್ತು. ಈಗ ಅದೂ ಇಲ್ಲ. ಇಲ್ಲಿ ಯಾರಾದ್ರೂ ಕೇಳಿದ್ರೆ ನಾನೇ ಹೇಳ್ತೇನೆ, ನಮ್ಮಪ್ಪ ಇಂಥವರು ಅಂತ.”

ಎಡಗೈಯಲ್ಲಿ ಬರೆದ ಚೀಟಿಯ ಕತೆಯನ್ನು ಅವನಿಗಾದರೂ ಹೇಳಿಬಿಡೋಣ ಎಂದುಕೊಂಡೆ. ಅಷ್ಟರಲ್ಲಿ ಹೊರಗೆ ಲಾರಿ ಹಾರನ್ ಹೊಡೆಯಿತು. ಅವನು ಎದ್ದು ಹೋಗಿ ಪೆಟ್ಟಿಗೆ ಏರಿಸುವವರಿಗೆ ಯಲ್ಲಾ ಯಲ್ಲಾ ಎಂದು ಕೂಗತೊಡಗಿದ. ಆ ಗದ್ದಲದಲ್ಲಿ ಹೇಳುವ ಮಾತಲ್ಲ ಅದು. ಹೇಳುವ ಧೈರ್ಯವೂ ಅಷ್ಟೇ ಇತ್ತೆಂದು ಕಾಣುತ್ತದೆ.

ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿಯನ್ನು ಅವನೇ ಗೊತ್ತುಮಾಡಿದ. ಡ್ರೈವರಿಗೆ ಅರಬ್ಬಿಯಲ್ಲಿ ದಾರಿ ಹೇಳಿ, ನನ್ನ ಕೈ ಕುಲುಕಿ, “ಆರೋಗ್ಯ ನೋಡ್ಕೊಳ್ಳಿ” ಎಂದ. ಟ್ಯಾಕ್ಸಿ ಹೊರಡುವ ಮೊದಲೇ ತಿರುಗಿ ಶೆಡ್ಡಿನ ಕಡೆ ನಡೆದ. ನಾನು ದಾರಿಯುದ್ದಕ್ಕೂ ಮುರಿದ ಯಂತ್ರದ ಭಾಗಗಳ ಪಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಚೆಂದದ ಅಕ್ಷರದಲ್ಲಿ ಮತ್ತೊಮ್ಮೆ ಬರೆಯುತ್ತ ಕೂತೆ.